ಉತ್ತರ ವಲಯದ ಹಾಜರಿ

ಜುಲೈ ೬

ಅತ್ತೆಗೆ, ಇಷ್ಟು ದೂರದಿಂದಲೇ ನಮಸ್ಕಾರ.

ಭಾನುವಾರದ ಫೋನು ಚೂಟಿಗೆ, ಕಾಗದ ನಿಮಗೆ ಎಂದು ನಾವು ಮಾಡಿಕೊಂಡ ಒಪ್ಪಂದವನ್ನು ನಾನು ಮುರಿದಿಲ್ಲ, ನೋಡಿ. ಮೊನ್ನೆ ಫೋನಿನಲ್ಲಿ ನಿಮ್ಮ ಮೊಮ್ಮಗಳು "ಅಮ್ಮಾ, ನನ್ ಹಲ್ಲು ಅಲ್ಲಾಡ್ತಿದೆ" ಎಂದಳು. ಮಗಳ ಹಲ್ಲು ಅಲ್ಲಾಡುವುದನ್ನು ಫೋನಿನಲ್ಲಿ ಕೇಳುವ ತಾಯಿ ನಾನು.

ಇಲ್ಲಿ ಪಾಠ ಚೆನ್ನಾಗಿ ನಡೆಯುತ್ತಿದೆ. ಬೀಜಗಣಿತ ಎಂದರೆ ಕಿಟಕಿ ಕಡೆ ನೋಡುತ್ತಿದ್ದ ಮಕ್ಕಳು ಈಗ ಬೋರ್ಡಿನ ಕಡೆ ನೋಡುತ್ತಾರೆ. ಹಾಸ್ಟೆಲಿನ ಕೋಣೆ ಮಾತ್ರ ಹಾಗೇ ಇದೆ. ಕಬ್ಬಿಣದ ಮಂಚ, ಅರ್ಧ ಮಾತ್ರ ತೆರೆಯುವ ಕಿಟಕಿ, ಬಾಗಿಲ ಹಿಂದೆ ಅಂಟಿಸಿದ ನಿಯಮಗಳ ಹಾಳೆ. "ಮಕ್ಕಳನ್ನು ಇರಿಸಿಕೊಳ್ಳುವಂತಿಲ್ಲ" ಎನ್ನುವ ಸಾಲಿನ ಪಕ್ಕದಲ್ಲೇ ಬಟ್ಟೆ ತೂಗುಹಾಕುವ ಮೊಳೆ ಇದೆ. ಹಾಗಾಗಿ ದಿನವೂ ಅದನ್ನು ಓದಲೇಬೇಕು.

ರಾಜಧಾನಿಯ ಶಾಲೆಗಳಲ್ಲಿರುವ ಹೊರದೇಶದ ಶಿಕ್ಷಕರಿಗೆಲ್ಲ ಸಂಸಾರದ ಮನೆಗಳಿವೆ. ಇಲಾಖೆಯ ಜೊತೆ ಮಾತಾಡಿ ಅದನ್ನು ಕೊಡಿಸಿದ್ದು ನಮ್ಮ ಸಂಘವೇ, ಅಂದರೆ ಈ ದೇಶಕ್ಕೆ ಪಾಠ ಹೇಳಲು ಬಂದ ನಮ್ಮಂಥ ಪರದೇಶಿ ಶಿಕ್ಷಕರೆಲ್ಲರ ಸಂಘ. ನಾವು ಗಣಿ ಊರಿನವರು, ರಾಜಧಾನಿಯಿಂದ ಎರಡು ದಿನದ ಬಸ್ ದಾರಿ. ನಮ್ಮನ್ನು "ಉತ್ತರ ವಲಯ" ಅನ್ನುತ್ತಾರೆ. ಸಂಘದ ಸಮಿತಿಯಲ್ಲಿ ಏಳು ಜನ, ಏಳೂ ಜನ ರಾಜಧಾನಿಯವರೇ. ನಮ್ಮ ಅರ್ಜಿಗಳಿಗೆ ಬರುವ ಉತ್ತರವೂ ಪ್ರತಿ ಸಲ ಒಂದೇ: "ದೂರದ ವಲಯಗಳ ವಿಷಯವನ್ನು ಮುಂದೆ ಪರಿಶೀಲಿಸಲಾಗುವುದು."

ಏಪ್ರಿಲಿಗೆ ನನ್ನ ಕರಾರು ಮುಗಿಯುತ್ತದೆ. ಅಷ್ಟರಲ್ಲಿ ಮನೆ ಸಿಕ್ಕರೆ ಚೂಟಿಯನ್ನು ಕರೆಸಿಕೊಳ್ಳುತ್ತೇನೆ. ಸಿಗದಿದ್ದರೆ ಗಂಟುಮೂಟೆ ಕಟ್ಟಿಕೊಂಡು ನಾನೇ ಬಂದುಬಿಡುತ್ತೇನೆ. ಇವರು ತೀರಿಕೊಂಡ ಮೇಲೆ ನಾನು ನನ್ನ ಕಾಲ ಮೇಲೆ ನಿಂತದ್ದು ಈ ಶಾಲೆಯಲ್ಲೇ, ಅದನ್ನು ಬಿಡಲು ಸಂಕಟವಾಗುತ್ತದೆ. ಆದರೆ ಇನ್ನೊಂದು ವರ್ಷ ಅವಳನ್ನು ಬಿಟ್ಟಿರಲು ನನ್ನಿಂದಾಗದು.

ನಿಮ್ಮ ಸೊಸೆ


ಜುಲೈ ೨೪

ಸೊಸೆ ಮೇಡಂ ಅವರಿಗೆ,

ಬಂದುಬಿಡುತ್ತೇನೆ ಎಂದು ಬರೆದಿದ್ದೀಯ. ಬಾ, ಯಾರು ಬೇಡ ಅಂದರು? ಆದರೆ ಸೋತು ಬರುವವರಿಗೆ ಈ ಮನೆಯಲ್ಲಿ ಕಾಫಿ ಸಿಗುವುದಿಲ್ಲ, ಈಗಲೇ ಹೇಳಿಬಿಟ್ಟಿದ್ದೇನೆ.

ಚೂಟಿಯ ಹಲ್ಲು ಬಿತ್ತು. ಅಳಲಿಲ್ಲ. "ಅಮ್ಮ ನೋಡ್ಬೇಕು" ಎಂದು ಬೆಂಕಿಪೊಟ್ಟಣದಲ್ಲಿಟ್ಟು ದಿನಕ್ಕೊಂದು ಸಲ ತೆಗೆದು ಎಣಿಸುತ್ತಾಳೆ. ಇರುವುದೇ ಒಂದು ಹಲ್ಲು, ಅದರಲ್ಲಿ ಎಣಿಸುವುದೇನಿದೆಯೋ! ಲೆಕ್ಕದ ಮೇಡಂ ಮಗಳಲ್ಲವೇ.

ಅರ್ಜಿ, ಅರ್ಜಿ ಎಂದು ಯಾಕೆ ಕೈ ಸವೆಸಿಕೊಳ್ಳುತ್ತೀಯ? ಅರ್ಜಿ ಹೋಗಿ ಮೇಜಿನ ಮೇಲೆ ಮಲಗುತ್ತದೆ. ಎದುರಿಗೆ ನಿಲ್ಲಬೇಕಾದವರು ಮನುಷ್ಯರು. ನಾನು ಡ್ರಿಲ್ ಟೀಚರಾಗಿ ಸೇರಿದಾಗ ಸ್ಟಾಫ್ ರೂಮಿನಲ್ಲಿ ನನಗೆ ಕುರ್ಚಿಯೇ ಇರಲಿಲ್ಲ. "ನಿಮ್ಮ ಕೆಲಸ ಮೈದಾನದಲ್ಲಿ ತಾನೆ" ಎನ್ನುತ್ತಿದ್ದರು. ವರ್ಷಗಟ್ಟಲೆ ಕೇಳಿದೆ, ಬರಲಿಲ್ಲ. ಒಂದು ದಿನ ನೇರವಾಗಿ ಹೋಗಿ ಹೆಡ್ ಮಾಸ್ಟರ ಕುರ್ಚಿಯಲ್ಲಿ ಕೂತು ಹಾಜರಿ ಪುಸ್ತಕ ತುಂಬಿಸಿದೆ. ಮಾರನೆಯ ದಿನ ನನ್ನ ಕುರ್ಚಿ ಬಂತು, ಹೊಸದು, ಕೈ ಇರುವುದು!

ನಿಮಗೆ ಮನೆ ಬೇಕೆಂದರೆ ಮೊದಲು ಆ ಸಮಿತಿಯಲ್ಲಿ ಕುರ್ಚಿ ಬೇಕು. ಅಲ್ಲಿ ಕೂತವರಿಗೇ ಎಲ್ಲ ಸಿಗುವುದು. ಈಗ ಹೇಳು, ನಿಮ್ಮಲ್ಲಿ ಗಟ್ಟಿಗರು ಯಾರಿದ್ದಾರೆ? ನೀನಂತೂ ಅಲ್ಲ ಬಿಡು. ನಿನ್ನ ದನಿ ಮೊದಲ ಬೆಂಚು ದಾಟುವುದಿಲ್ಲ.

ನಿನ್ನ ಅತ್ತೆ
(ನಿವೃತ್ತಳಾದರೂ ಸೀಟಿ ಬಿಡದವಳು)


ಸೆಪ್ಟೆಂಬರ್ ೧೪

ಅತ್ತೆಗೆ,

ನಿಮ್ಮ ಕಾಗದವನ್ನು ಹಾಸ್ಟೆಲಿನ ಊಟದ ಕೋಣೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಮೊದಲ ಬೆಂಚಿನ ಮಾತೊಂದನ್ನು ಬಿಟ್ಟು! ಕುರ್ಚಿಯ ಕಥೆಗೆ ಸಂಗೀತದ ಟೀಚರು ಮೇಜು ಬಡಿದು ನಕ್ಕರು. ಅವರ ದೇಶ ಬೇರೆ, ಭಾಷೆ ಬೇರೆ, ಕಷ್ಟ ನಮ್ಮದೇ. ಅವರ ಇಬ್ಬರು ಹುಡುಗರೂ ಅಲ್ಲೇ ಊರಲ್ಲಿದ್ದಾರೆ.

ಅಂದೇ ಕೂತು ಒಂದು ತೀರ್ಮಾನ ಮಾಡಿದೆವು. ಪ್ರತಿ ವಲಯಕ್ಕೂ ಸಮಿತಿಯಲ್ಲಿ ಒಂದು ಸ್ಥಾನ ಬೇಕು, ಅದಕ್ಕೆ ಆ ವಲಯದವರೇ ತಮ್ಮಲ್ಲೊಬ್ಬರನ್ನು ಆರಿಸಬೇಕು. ಕೇಳಲು ಸುಲಭ. ಆದರೆ ಸಂಘದ ನಿಯಮ ಬದಲಾಗಬೇಕಾದರೆ ನವೆಂಬರಿನ ವಾರ್ಷಿಕ ಸಭೆಯಲ್ಲಿ, ಹಾಜರಿದ್ದವರು ಕೈ ಎತ್ತಿಯೇ ಆಗಬೇಕು. ಸಭೆ ರಾಜಧಾನಿಯಲ್ಲಿ. ಅದೂ ನಮ್ಮ ಕಡೆಯ ಶಾಲೆಗಳಲ್ಲಿ ಪರೀಕ್ಷೆ ನಡೆಯುವ ವಾರದಲ್ಲೇ. ನಮ್ಮ ಮುಖ್ಯೋಪಾಧ್ಯಾಯರು ಒಳ್ಳೆಯವರು. ತುಂಬ ಯೋಚನೆ ಮಾಡಿ "ಇಬ್ಬರು ಹೋಗಿ, ಮೂರನೆಯವರನ್ನ ಮಾತ್ರ ಕೇಳಬೇಡಿ" ಎಂದರು.

ಒಬ್ಬರು ಕೆಮಿಸ್ಟ್ರಿ ಮೇಷ್ಟ್ರು. ಅವರು ನಮ್ಮ ಭಾಷೆಯವರೇ, ನೀವು ಕೇಳಿದ ಗಟ್ಟಿಗರು. ಆದರೆ ಕೋಪ ಮೂಗಿನ ತುದಿಯಲ್ಲೇ. ಹಾಗಾಗಿ ಜೊತೆಗೆ ಸಮಾಧಾನದವರೊಬ್ಬರು ಬೇಕು ಎಂದು ಎಲ್ಲರೂ ನನ್ನ ಕಡೆ ತಿರುಗಿದರು. "ಇವ್ರು ಯಾರ ಜೊತೇನೂ ಜಗಳ ಆಡಿಲ್ಲ, ಇವರೇ ಹೋಗ್ಲಿ" ಎಂದರು. ಜಗಳ ಆಡದಿರುವುದು ಒಂದು ಅರ್ಹತೆ ಅಂತ ನನಗೆ ಗೊತ್ತೇ ಇರಲಿಲ್ಲ!

ಅತ್ತೆ, ನೂರಾರು ಜನರ ಮುಂದೆ ನಾನು ಬಾಯಿ ಬಿಡುವುದು ಹೇಗೆ?

ನಿಮ್ಮ ಸೊಸೆ


ಅಕ್ಟೋಬರ್ ೩

ಮೊದಲ ಬೆಂಚಿನ ಮೇಡಂಗೆ,

ನಿನ್ನ ಕಾಗದ ಓದಿ ಒಂದೇ ಸಲ ಖುಷಿಯೂ ಆಯಿತು, ತಲೆಯೂ ಬಿಸಿಯಾಯಿತು. ಸರಿ, ಈಗ ಡ್ರಿಲ್ ಶುರು. ಹೇಳಿದ ಹಾಗೆ ಮಾಡು, ಎದುರು ಮಾತು ಬೇಡ.

ದನಿ ಗಂಟಲಿನದಲ್ಲ, ಹೊಟ್ಟೆಯದು. ಬೆಳಿಗ್ಗೆ ಎದ್ದು ಹಾಸ್ಟೆಲಿನ ತಾರಸಿಗೆ ಹೋಗು. ಕಾಲು ಅಗಲಿಸಿ ನಿಂತುಕೋ. ಭಾಷಣ ಬಾಯಿಪಾಠ ಮಾಡಬೇಡ, ಅದು ನಿನ್ನ ಕೈಲಿ ಆಗದ ಕೆಲಸ. ನಿನಗೆ ದಿನವೂ ಬಾಯಿಗೆ ಬರುವುದು ಯಾವುದು? ಹಾಜರಿ. ಅದನ್ನೇ ಕರೆ. ನಿನ್ನ ಜೊತೆಯ ಶಿಕ್ಷಕರ ಹೆಸರು ಒಂದೊಂದಾಗಿ ಕೂಗು. ಅವರು ತಮ್ಮ ತಮ್ಮ ಕೋಣೆಯಿಂದ ಹಾಜರ್ ಎನ್ನಬೇಕು. ಕೆಳಗಿನ ಮೂಲೆ ಕೋಣೆಯಿಂದ ಉತ್ತರ ಬರುವ ತನಕ ಇಳಿಯಬೇಡ.

ಇಲ್ಲಿ ಚೂಟಿಯನ್ನು ನಿಲ್ಲಿಸಿ ನಾನೂ ಪ್ರಯೋಗ ಮಾಡಿದೆ. ನಾನು ಅವಳ ಹೆಸರು ಕೂಗಿದರೆ ಬೀದಿಯ ಕೊನೆಯ ಟೈಲರು ಹೊಲಿಗೆ ನಿಲ್ಲಿಸಿ "ಹಾಜರ್ ಮೇಡಂ" ಎಂದ. ಹಳೆಯ ಶಿಷ್ಯ, ಪಾಪ. ಇನ್ನೂ ಹೆದರುತ್ತಾನೆ.

ಅತ್ತೆ


ನವೆಂಬರ್ ೨೧

ಅತ್ತೆ, ಅತ್ತೆ, ಅತ್ತೆ!

ಗೆದ್ದೆವು! ಬಸ್ಸಿನಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಕುಣಿದರೆ ಬೈಯಬೇಡಿ. ಪಕ್ಕದಲ್ಲಿ ಕೆಮಿಸ್ಟ್ರಿ ಮೇಷ್ಟ್ರು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಾರೆ.

ಮೊದಲಿಂದ ಹೇಳುತ್ತೇನೆ. ದೊಡ್ಡ ಸಭಾಂಗಣ, ಮೆತ್ತನೆಯ ಕುರ್ಚಿಗಳು, ತುಂಬ ರಾಜಧಾನಿಯ ಶಿಕ್ಷಕರು. ನಾವಿಬ್ಬರು ಎರಡು ದಿನ ಕುಲುಕಿದ ಮೈಯಲ್ಲಿ, ಸುಕ್ಕಾದ ಬಟ್ಟೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತೆವು. ಉಳಿದ ವಲಯಗಳಿಂದಲೂ ಒಬ್ಬಿಬ್ಬರು ಬಂದಿದ್ದರು, ಅಷ್ಟೇ. ನಮ್ಮ ಸರದಿ ಬಂದಾಗ ಮೇಷ್ಟ್ರು ಎದ್ದರು. ಎರಡನೇ ಮಾತಿಗೇ ಕೋಪ ಬಂತು. ಮೇಜಿಗೆ ಗುದ್ದಿದ್ದಕ್ಕೆ ನೀರಿನ ಲೋಟ ಕಾರ್ಯದರ್ಶಿಯ ಮಡಿಲಿಗೆ ಬಿತ್ತು. ಎಲ್ಲರೂ ನಕ್ಕರು. ನಮ್ಮ ವಿಷಯ ಅಲ್ಲಿಗೇ ತೊಳೆದುಹೋಯಿತು ಎಂದುಕೊಂಡೆ.

ಅಧ್ಯಕ್ಷರು ಕೆಟ್ಟವರೇನಲ್ಲ. ಗರಿಗರಿ ಇಸ್ತ್ರಿಯ ಮನುಷ್ಯ, ನಗುನಗುತ್ತಲೇ ನೋಯಿಸುವವರು. "ದೂರದವರ ಬಗ್ಗೆ ನಮಗೂ ಕಾಳಜಿ ಇದೆ. ಆದ್ರೆ ಏನ್ ಮಾಡೋದು, ನಿಮ್ಮವರು ಸಭೆಗೇ ಬರಲ್ಲ. ಆಸಕ್ತೀನೇ ಇಲ್ಲದವರಿಗೆ ಸ್ಥಾನ ಯಾಕೆ ಹೇಳಿ?" ಎಂದರು. ಕೆಲವರು ತಲೆ ಆಡಿಸಿದರು. ಆಮೇಲೆ ನನ್ನ ಕಡೆ ನೋಡಿ "ಮೇಡಂ ಏನಾದ್ರೂ ಹೇಳ್ತೀರಾ? ಬೇಗ ಮುಗಿಸಿ" ಎಂದು ಮೇಜಿನ ಗಂಟೆಯ ಮೇಲೆ ಕೈಯಿಟ್ಟರು.

ವೇದಿಕೆ ಹತ್ತಿದೆ. ಬರೆದುಕೊಂಡಿದ್ದ ಭಾಷಣ ಕೈಯಲ್ಲೇ ಇತ್ತು, ಕಣ್ಣಿಗೆ ಒಂದಕ್ಷರ ಕಾಣಲಿಲ್ಲ. ಆಸಕ್ತಿ ಇಲ್ಲ ಎಂದರಲ್ಲ, ಆ ಮಾತಿಗೆ ಮೈಯೆಲ್ಲ ಉರಿಯುತ್ತಿತ್ತು. ಕಾಲು ಅಗಲಿಸಿ ನಿಂತೆ. ಹೊಟ್ಟೆಯಿಂದ ಉಸಿರೆಳೆದೆ. ನಾಲಿಗೆಗೆ ಬಂದದ್ದು ತಾರಸಿಯ ಪಾಠ ಒಂದೇ. ಸಂಗೀತದ ಟೀಚರ ಹೆಸರು ಕೂಗಿದೆ.

ಯಾರೂ ಮಾತಾಡಲಿಲ್ಲ. "ಪರೀಕ್ಷೆ ಕೋಣೆಯಲ್ಲಿದ್ದಾರೆ" ಎಂದು ನಾನೇ ಹೇಳಿ, ಭೂಗೋಳದ ಮೇಷ್ಟ್ರ ಹೆಸರು ಕೂಗಿದೆ. "ಪರೀಕ್ಷೆ ಕೋಣೆಯಲ್ಲಿದ್ದಾರೆ." ಮೂರನೆಯ ಹೆಸರು ಕೂಗಿದಾಗ, ಅತ್ತೆ, ಮಧ್ಯದ ಸಾಲಿನಲ್ಲಿದ್ದ ಒಬ್ಬ ವಯಸ್ಸಾದ ಮೇಡಂ ತಮಗೇ ಗೊತ್ತಿಲ್ಲದೆ "ಆಬ್ಸೆಂಟ್" ಎಂದುಬಿಟ್ಟರು. ಜೀವಮಾನವೆಲ್ಲ ಹಾಜರಿ ಕರೆದವರಲ್ಲವೇ, ಹೆಸರು ಕೂಗಿದ ಮೇಲೆ ಉತ್ತರ ಬರದಿದ್ದರೆ ಶಿಕ್ಷಕರಿಗೆ ತಡೆಯುವುದಿಲ್ಲ! ನಾಲ್ಕನೆಯ ಹೆಸರಿಗೆ ಇಡೀ ಸಾಲು "ಆಬ್ಸೆಂಟ್" ಎಂದಿತು. ಆಮೇಲೆ ಇಡೀ ಸಭೆ. ಮೊದಮೊದಲು ನಗುತ್ತಾ ಹೇಳುತ್ತಿದ್ದರು. ಒಂದಷ್ಟು ಹೆಸರು ಕಳೆಯುವ ಹೊತ್ತಿಗೆ ನಗು ನಿಂತಿತ್ತು. ತಮ್ಮ ಬಾಯಿಂದ ತಾವೇ ಎಷ್ಟು ಜನರನ್ನು ಹೊರಗೆ ಹಾಕುತ್ತಿದ್ದೇವೆ ಎಂದು ಅವರಿಗೇ ಕೇಳಿಸುತ್ತಿತ್ತು.

ಅಧ್ಯಕ್ಷರು ಗಂಟೆ ಬಾರಿಸಿದರು. ಆ ವಯಸ್ಸಾದ ಮೇಡಂ ತಿರುಗಿ ಕಣ್ಣು ಕೆಂಪಗೆ ಮಾಡಿ "ಶ್! ಹಾಜರಿ ನಡೀತಿದೆ!" ಎಂದರು. ಅಧ್ಯಕ್ಷರೂ ಒಂದು ಕಾಲದ ವಿದ್ಯಾರ್ಥಿಯೇ ತಾನೆ, ತೆಪ್ಪಗೆ ಕೈ ತೆಗೆದರು.

ಕೊನೆಯವರೆಗೂ ಕರೆದೆ. ಒಂದು ಹೆಸರನ್ನೂ ಬಿಡಲಿಲ್ಲ. ಕೆಮಿಸ್ಟ್ರಿ ಮೇಷ್ಟ್ರು ತಮ್ಮ ಹೆಸರು ಬಂದಾಗ "ಹಾಜರ್!" ಎಂದು ಕೂಗಿದ್ದಕ್ಕೆ ಗೋಡೆ ನಡುಗಿತು. ಕೊನೆಗೆ ನನ್ನ ಹೆಸರು ನಾನೇ ಕರೆದು, ನಾನೇ ಹಾಜರ್ ಎಂದೆ. "ಇವರೆಲ್ಲ ನಿಮ್ಮದೇ ಕೆಲಸ ಮಾಡ್ತಾ ಇದ್ದಾರೆ, ಅದಕ್ಕೇ ಬಂದಿಲ್ಲ. ಎಲ್ಲರೂ ಬರೋದಕ್ಕಾಗಲ್ಲ. ಒಬ್ಬರನ್ನಾದ್ರೂ ಇಲ್ಲಿ ಕೂರೋಕೆ ಬಿಡಿ" ಎಂದು ಹೇಳಿ ಇಳಿದೆ. ಇಷ್ಟೇ ನನ್ನ ಭಾಷಣ.

ಕೈ ಎತ್ತಿ ಎಂದಾಗ ಎದ್ದ ಕೈಗಳನ್ನು ನೀವು ನೋಡಬೇಕಿತ್ತು. ಎಣಿಸುವ ಅಗತ್ಯವೇ ಬೀಳಲಿಲ್ಲ. ಅಧ್ಯಕ್ಷರ ಕೈಯೂ ಎದ್ದಿತ್ತು, ಸ್ವಲ್ಪ ತಡವಾಗಿ.

ಮೊದಲ ಬೆಂಚು ದಾಟಿತು ಅತ್ತೆ! ಕೊನೆಯ ಬೆಂಚೂ ದಾಟಿ ಬೀದಿಗೆ ಹೋಯಿತು!

ನಿಮ್ಮ ಸೊಸೆ


ಡಿಸೆಂಬರ್ ೧೦

ಭೇಷ್!

ನಿನ್ನ ಕಾಗದ ಬಂದ ದಿನ ನಾನು ಮಾಡಿದ್ದನ್ನು ಹೇಳಿದರೆ ನಗುತ್ತೀಯ. ಸೀಟಿ ತೆಗೆದುಕೊಂಡು ಬೀದಿಯಲ್ಲಿ ನಿಂತು ಊದಿದೆ. ಎದುರು ಮನೆಯವರು ಕಳ್ಳ ಬಂದ ಎಂದು ಕೋಲು ಹಿಡಿದು ಬಂದರು. ಬಂದವರಿಗೆಲ್ಲ ಕಾಫಿ ಮಾಡಿಕೊಟ್ಟು ಕಾಗದವನ್ನು ಜೋರಾಗಿ ಓದಿದೆ. ಟೈಲರು ಎರಡನೇ ಸಲ ಓದಿಸಿದ. ಚೂಟಿ ಈಗ ಎಲ್ಲರ ಹಾಜರಿ ಕರೆಯುತ್ತಾಳೆ. ಬೀದಿ ನಾಯಿ ಉತ್ತರ ಕೊಡದಿದ್ದರೆ ಅದಕ್ಕೂ ಆಬ್ಸೆಂಟ್.

ಮನೆಯ ವಿಷಯ ಈಗ ಬೇಗ ಆಗುತ್ತದೆ. ಆಗಲೇಬೇಕು. ನಿನ್ನ ಮಗಳು ನಿನ್ನ ಹತ್ತಿರ ಇರಬೇಕು, ಅದೇ ಸರಿ.

ಇಲ್ಲಿ ಚಳಿ. ಇನ್ನೇನು ಬರೆಯಲಿ.

ಅತ್ತೆ


ಫೆಬ್ರವರಿ ೧೮

ಅತ್ತೆಗೆ,

ಒಂದೇ ಸಲ ಎರಡು ಸಿಹಿ ಸುದ್ದಿ. ನಮ್ಮ ವಲಯದವರೆಲ್ಲ ಸೇರಿ ನನ್ನನ್ನೇ ಸಮಿತಿಗೆ ಆರಿಸಿದ್ದಾರೆ. ಕೆಮಿಸ್ಟ್ರಿ ಮೇಷ್ಟ್ರು ತಾವೇ ಮೊದಲು ನನ್ನ ಹೆಸರು ಹೇಳಿದರು. ಇನ್ನೊಂದು, ಮನೆ! ಶಾಲೆಯ ಹಿಂದೆ ಗಣಿಯ ಹಳೆಯ ಕಚೇರಿ ಪಾಳು ಬಿದ್ದಿತ್ತು. ಮೊದಲ ಸಭೆಯಲ್ಲೇ ಅದನ್ನು ಕೇಳಿದೆ. ಇಲಾಖೆಯವರಿಗೆ ಅಂಥ ಕಟ್ಟಡವೊಂದು ಇರುವುದೇ ಗೊತ್ತಿರಲಿಲ್ಲ, ಯಾಕೆಂದರೆ ಇಷ್ಟು ವರ್ಷ ಹೇಳುವವರೇ ಇರಲಿಲ್ಲ. ಈಗ ಗೋಡೆ ಎಬ್ಬಿಸಿ ಮನೆಗಳಾಗಿ ಮಾಡುತ್ತಿದ್ದಾರೆ. ನನ್ನದು ಮೂಲೆಯದು. ಎರಡು ಕೋಣೆ, ಪೂರ್ತಿ ತೆರೆಯುವ ಕಿಟಕಿಗಳು! ಸಂಗೀತದ ಟೀಚರು ಪಕ್ಕದ ಮನೆಯ ಖಾಲಿ ಗೋಡೆ ಹಿಡಿದುಕೊಂಡು ಅತ್ತರು.

ಹೊಸ ಕರಾರಿಗೆ ಸಹಿ ಹಾಕಿದ್ದೇನೆ. ಏಪ್ರಿಲ್ ಕೊನೆಗೆ ಚೂಟಿಯನ್ನು ಕರೆದೊಯ್ಯಲು ಬರುತ್ತೇನೆ.

ಜನವರಿಯಿಂದ ನಿಮ್ಮ ಕಾಗದವೇ ಇಲ್ಲ. ಭಾನುವಾರ ಫೋನಿನಲ್ಲಿ ಕೇಳಿದರೆ ಚೂಟಿ "ಅಜ್ಜಿ ಗಿಡಕ್ಕೆ ನೀರು ಹಾಕ್ತಿದ್ದಾರೆ" ಎನ್ನುತ್ತಾಳೆ. ನಮ್ಮ ಮನೆಯಲ್ಲಿ ಅಷ್ಟೊಂದು ಗಿಡಗಳಿವೆಯೇ?

ನಿಮ್ಮ ಸೊಸೆ


ಮಾರ್ಚ್ ೧

ಅಮ್ಮ,

ಅಜ್ಜಿಗೆ ಕಣ್ಣು ನೋವು ಅದಕ್ಕೆ ನಾನು ಬರೀತಿದ್ದೀನಿ. ಅಜ್ಜಿ ನಂಗೆ ಜಡೆ ಹಾಕ್ಕೊಳ್ಳೋದು ಹೇಳ್ಕೊಟ್ರು. ಶೂ ಲೇಸು ಹೇಳ್ಕೊಟ್ರು. ಅಲ್ಲಿ ಹೋದ್ಮೇಲೆ ನೀನೇ ಮಾಡ್ಕೋಬೇಕು ಅಂದ್ರು. ನಾನು ನೀವು ಬರಲ್ವಾ ಅಂದೆ. ಅಜ್ಜಿ ನಾನು ಬಂದ್ರೆ ಸೀಟಿ ಯಾರು ನೋಡ್ಕೋತಾರೆ ಅಂದ್ರು. ಸೀಟಿ ಬ್ಯಾಗಲ್ಲಿ ತರ್ಬಹುದಲ್ವಾ ಅಮ್ಮ.

ಒಂದು ಸಲ ನಾನು ಅಜ್ಜೀನ ಅಮ್ಮ ಅಂತ ಕರೆದುಬಿಟ್ಟೆ. ಅಜ್ಜಿ ಬೈದ್ರು. ಆಮೇಲೆ ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಿದ್ರು. ಊಟದಲ್ಲಿ ಈರುಳ್ಳಿ ಇರ್ಲಿಲ್ಲ.

ಹಲ್ಲು ಈಗ ಮೂರು.

ಚೂಟಿ


ಮಾರ್ಚ್ ೩೦

ಅತ್ತೆಗೆ,

ನಿಮ್ಮ ಕಣ್ಣು ನೋವಿನ ಕಾಗದ ತಲುಪಿತು.

ನಾನು ಎಂಥ ದಡ್ಡಿ. ಗೆಲ್ಲುವ ಗಲಾಟೆಯಲ್ಲಿ, ಗೆದ್ದರೆ ನಿಮ್ಮ ಮನೆ ಖಾಲಿಯಾಗುತ್ತದೆ ಎಂದು ಒಂದು ದಿನವೂ ಯೋಚಿಸಲಿಲ್ಲ. ನಿಮಗೆ ಮೊದಲಿಂದಲೇ ಗೊತ್ತಿತ್ತು ಅಲ್ಲವೇ? ಮಗನನ್ನು ಕಳೆದುಕೊಂಡ ಮನೆಯಲ್ಲಿ ಉಳಿದ ಒಂದು ಮಗುವನ್ನು ಕಳಿಸುವುದಕ್ಕೆಂದೇ ನನಗೆ ದನಿ ಹೇಳಿಕೊಟ್ಟಿರಿ.

ಚೂಟಿಯ ಕಾಗದ ಓದಿದ ಮೇಲೆ ಸಂಸಾರದ ಮನೆಯ ನಿಯಮ ತೆಗೆದು ನೋಡಿದೆ. ಗಂಡ ಅಥವಾ ಹೆಂಡತಿ, ಮಕ್ಕಳು, ಶಿಕ್ಷಕರ ಸ್ವಂತ ತಂದೆತಾಯಿ. ಅಷ್ಟೇ. ಅತ್ತೆಗೆ ಅಲ್ಲಿ ಜಾಗವಿಲ್ಲ. ಸರಿ, ಮತ್ತೆ ಎರಡು ದಿನ ಬಸ್ಸಿನಲ್ಲಿ ಕುಲುಕಿಕೊಂಡು ಸಮಿತಿ ಸಭೆಗೆ ಹೋದೆ. ಈ ಸಲ ಕುರ್ಚಿ ನನ್ನದೇ, ಕೈ ಇರುವುದು.

ಅಧ್ಯಕ್ಷರು ಕೇಳಿದರು, "ನಿಮ್ಮ ಅತ್ತೆ ನಿಮ್ಮ ಆಶ್ರಯದಲ್ಲಿದ್ದಾರಾ?"

"ಇಲ್ಲ ಸಾರ್. ಅವರಿಗೆ ಪಿಂಚಣಿ ಇದೆ, ಸೀಟಿ ಇದೆ. ನಾನೇ ಅವರ ಆಶ್ರಯದಲ್ಲಿರೋದು. ಆವತ್ತು ಸಭೇಲಿ ಕೇಳಿದ್ರಲ್ಲ ಒಂದು ದನಿ, ಅದು ಅವರದ್ದೇ."

ಅವರು ನಿಯಮದ ಹಾಳೆಯನ್ನು ಕಾರ್ಯದರ್ಶಿಯ ಕಡೆ ತಳ್ಳಿದರು. ಆಮೇಲೆ "ಹಾಗಾದ್ರೆ ಅವರನ್ನ ದೂರ ಇಡೋದು ನಮಗೇ ಕ್ಷೇಮ, ಆದ್ರೂ ಬರೆದುಬಿಡಿ" ಎಂದು ನಕ್ಕರು. ಈ ಸಲ ನೋಯಿಸದ ನಗು. ದಕ್ಷಿಣ ವಲಯದಿಂದ ಹೊಸದಾಗಿ ಬಂದ ಪ್ರತಿನಿಧಿ ತಮ್ಮನ್ನು ಸಾಕಿದ ಚಿಕ್ಕಮ್ಮನನ್ನೂ ಸೇರಿಸಿ ಎಂದರು. ಶಿಕ್ಷಕರನ್ನಾಗಲಿ ಅವರ ಮಗುವನ್ನಾಗಲಿ ಸಾಕಿದ ಮನೆಯ ಹಿರಿಯರು ಯಾರೇ ಇರಲಿ, ಅವರೂ ಸಂಸಾರವೇ ಎಂದು ಇಲಾಖೆಯಿಂದ ಮೊನ್ನೆ ಒಪ್ಪಿಗೆ ಬಂತು.

ನಿಮ್ಮ ಕೋಣೆಯ ಕಿಟಕಿ ಶಾಲೆಯ ಮೈದಾನದ ಕಡೆಗಿದೆ. ಅಲ್ಲಿ ಡ್ರಿಲ್ ಮಾಡಿಸುವವರು ಯಾರೂ ಇಲ್ಲ, ಮಕ್ಕಳು ಸಾಲು ನಿಲ್ಲುವುದನ್ನು ನೋಡಿದರೆ ನಿಮಗೆ ರಕ್ತ ಕುದಿಯುತ್ತದೆ.

ನಿನ್ನೆ ಖಾಲಿ ಮನೆಯ ನಡುವೆ ಕಾಲು ಅಗಲಿಸಿ ನಿಂತು ಹೊಟ್ಟೆಯಿಂದ ಹಾಜರಿ ಕರೆದೆ. ಮೊದಲು ಚೂಟಿ, ಆಮೇಲೆ ನಾನು. ಮೂರನೆಯ ಹೆಸರು ನಿಮ್ಮದು. ಉತ್ತರ ಬರಲಿಲ್ಲ. ಆಬ್ಸೆಂಟ್ ಹಾಕಲು ನನಗೆ ಮನಸ್ಸಾಗಲಿಲ್ಲ, ಆ ಜಾಗ ಖಾಲಿ ಬಿಟ್ಟಿದ್ದೇನೆ.

ನಿಮ್ಮ ಸೊಸೆ


ಏಪ್ರಿಲ್ ೧೬

ಕಮಿಟಿ ಮೇಡಂ ಅವರಿಗೆ,

ನನ್ನ ಕಣ್ಣಿಗೆ ಏನೂ ಆಗಿಲ್ಲ. ಈರುಳ್ಳಿಯ ವಿಷಯ ಬಯಲು ಮಾಡಿದ ಆ ಚಾಡಿಕೋರಿಯನ್ನು ಆಮೇಲೆ ವಿಚಾರಿಸಿಕೊಳ್ಳುತ್ತೇನೆ.

ಹೌದು, ಗೊತ್ತಿತ್ತು. ನೀನು ಗೆದ್ದರೆ ಅವಳು ಹೋಗುತ್ತಾಳೆ ಎಂದು ಮೊದಲ ದಿನವೇ ಗೊತ್ತಿತ್ತು. ಬೀದಿಯಲ್ಲಿ ಸೀಟಿ ಊದಿದ ದಿನ ಒಳಗೆ ಬಂದು ಅವಳ ಪುಟ್ಟ ಚಪ್ಪಲಿ ನೋಡುತ್ತಾ ಬಹಳ ಹೊತ್ತು ಕೂತಿದ್ದೆ. ಆದರೂ ನೀನು ಸೋಲಲಿ ಎಂದು ನನ್ನ ಮನಸ್ಸಿಗೆ ಒಮ್ಮೆಯೂ ಬರಲಿಲ್ಲ. ನನ್ನ ಮಗನಿದ್ದಿದ್ದರೆ ಅವನೂ ನಿನ್ನನ್ನು ಹೀಗೇ ದೂಡುತ್ತಿದ್ದ. ಅವನು ಇದ್ದಿದ್ದರೆ ಇಷ್ಟು ಹೊತ್ತಿಗೆ ಊರಿಗೆಲ್ಲ ಹೇಳಿ ಮುಗಿಸಿರುತ್ತಿದ್ದ, ನನ್ನ ಹೆಂಡತಿ, ನನ್ನ ಹೆಂಡತಿ ಅಂತ.

ಈಗ ನನ್ನ ಷರತ್ತುಗಳು. ಆ ಮೈದಾನದಲ್ಲಿ ಬೆಳಿಗ್ಗೆ ಮಕ್ಕಳಿಗೆ ನಾನು ಡ್ರಿಲ್ ಮಾಡಿಸುತ್ತೇನೆ, ನಿನ್ನ ಹೆಡ್ ಮಾಸ್ಟರನ್ನು ಈಗಲೇ ಒಪ್ಪಿಸಿಡು. ಕೆಮಿಸ್ಟ್ರಿ ಮೇಷ್ಟ್ರಿಗೂ ಮಾಡಿಸುತ್ತೇನೆ, ಕೋಪ ಇಳಿಯುತ್ತದೆ. ಭಾಷೆ ಬಾರದಿದ್ದರೆ ಚಿಂತೆಯಿಲ್ಲ, ಸೀಟಿಗೆ ಭಾಷೆ ಬೇಡ. ಇಲ್ಲಿಯದು ಬಾಡಿಗೆ ಮನೆ, ಬೀಗದ ಕೈ ಕೊಟ್ಟರೆ ಮುಗಿಯಿತು. ಗಿಡಗಳು ಮೂರೇ ಇದ್ದದ್ದು, ಟೈಲರಿಗೆ ಕೊಟ್ಟೆ. ಅವನು ಅಂಗಡಿ ಬಾಗಿಲು ಹಾಕಿ ಅತ್ತ, ದೊಡ್ಡ ಮನುಷ್ಯ!

ಚೂಟಿ ತನ್ನ ಚೀಲಕ್ಕೆ ಬೆಂಕಿಪೊಟ್ಟಣ ಹಾಕಿದ್ದಾಳೆ. ಅದರ ಪಕ್ಕದಲ್ಲೇ ನನ್ನ ಸೀಟಿ ಹಾಕಿದ್ದೇನೆ. ನೀನು ಬಂದು ನಮ್ಮಿಬ್ಬರನ್ನೂ ಕರೆದುಕೊಂಡು ಹೋಗು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ನನಗೆ.

ಇನ್ನು ನೀನು ಖಾಲಿ ಬಿಟ್ಟ ಜಾಗ. ಪೆನ್ನು ತೆಗೆದುಕೋ, ತುಂಬಿಸು.

ಹಾಜರ್, ಮೇಡಂ.

ನಿನ್ನ ಅತ್ತೆ